ಕೂಡಿಸದೆ, ಕಳೆಯದೆ ಕೇಳಿಸುವ ಹೆಡ್‌ಫೋನ್

ಸಂಗೀತ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಇಂದು ಗುರುಗಳ ಪಾಠದ ಧ್ವನಿಮುದ್ರಣವೇ ಅಭ್ಯಾಸದ ಮುಖ್ಯ ಆಧಾರವಾಗಿದೆ. ಶಾಲಾ ಕಲೋತ್ಸವಕ್ಕೆ ಸಿದ್ಧರಾಗುವ ಕಾಸರಗೋಡಿನ ವಿದ್ಯಾರ್ಥಿಗಳು ಶಾಸ್ತ್ರೀಯ ಕೀರ್ತನೆಯನ್ನಾಗಲಿ ಯಕ್ಷಗಾನದ ಪದಗಳನ್ನಾಗಲಿ ಮೊಬೈಲಿನಲ್ಲಿ ಮತ್ತೆ ಮತ್ತೆ ಕೇಳಿ ತಮ್ಮನ್ನು ತಿದ್ದಿಕೊಳ್ಳುತ್ತಾರೆ. ಆದರೆ ಕಿವಿಗೆ ಬೀಳುವ ನಾದವು ಮುದ್ರಣದಲ್ಲಿರುವಂತೆಯೇ ಇದೆಯೇ ಎಂದು ವಿಚಾರಿಸುವವರು ವಿರಳ.

ಮಾರುಕಟ್ಟೆಯ ಅನೇಕ ಹೆಡ್‌ಫೋನ್‌ಗಳು ಮಂದ್ರ ನಾದವನ್ನು ಉಬ್ಬಿಸಿ ಕೇಳಿಸುತ್ತವೆ. ಸಿನಿಮಾ ಹಾಡಿಗೆ ಅದು ಹಿತವೆನಿಸಬಹುದು. ಆದರೆ ಮೃದಂಗದ ಎಡಭಾಗದ ಗುಂಕಾರವು ತಂಬೂರಿಯನ್ನು ನುಂಗಿದಾಗ, ಸ್ವರದ ಸ್ಥಾನ ಬದಲಾಗದಿದ್ದರೂ ಗಮಕದ ಸೂಕ್ಷ್ಮ ಎಳೆಗಳು ಮರೆಯಾಗುತ್ತವೆ. ಒಳ್ಳೆಯ ಸಾಕ್ಷಿಯು ಕಂಡದ್ದನ್ನು ಕಂಡಂತೆ ನುಡಿಯುವ ಹಾಗೆ, ಯಾವ ನಾದವನ್ನೂ ಹಿಗ್ಗಿಸದೆ ಕುಗ್ಗಿಸದೆ ಕೇಳಿಸುವುದೇ ತಟಸ್ಥ ಹೆಡ್‌ಫೋನ್. ಹಾಗೆಂದು ಅಳತೆಯ ಗೆರೆ ಪೂರ್ತಿ ಸಮತಟ್ಟಾಗಿರಬೇಕೆಂದಲ್ಲ. ನಮ್ಮ ಹೊರಕಿವಿ ಮತ್ತು ಕಿವಿಯ ನಾಳಗಳು ಸುಮಾರು 3,000 ಹರ್ಟ್ಸ್‌ನ ಆಸುಪಾಸಿನ ಧ್ವನಿಯನ್ನು ಸಹಜವಾಗಿಯೇ ಎತ್ತಿ ಕೇಳಿಸುತ್ತವೆ; ಆ ಸಹಜತೆಯನ್ನು ಉಳಿಸಿಕೊಡುವ ಹೆಡ್‌ಫೋನೇ ಕಿವಿಗೆ ತಟಸ್ಥವೆನಿಸುತ್ತದೆ.

ಈ ಗುಣಕ್ಕೆ ಹೆಸರಾದವು ಹಿಂಬದಿ ತೆರೆದಿರುವ ‘ಓಪನ್ ಬ್ಯಾಕ್’ ಹೆಡ್‌ಫೋನ್‌ಗಳು. ಕಿವಿಬಟ್ಟಲಿನ ಹೊರಭಾಗದಲ್ಲಿ ಗೋಡೆಯ ಬದಲು ಜಾಲರಿಯಿರುವುದರಿಂದ ಗಾಳಿ ಒಳಗೆ ಕಟ್ಟಿಕೊಳ್ಳುವುದಿಲ್ಲ, ಧ್ವನಿಯೂ ಒಳಗೇ ಪ್ರತಿಫಲಿಸಿ ಕಲಸಿಹೋಗುವುದಿಲ್ಲ. ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯು 1968ರಲ್ಲಿ ಹೊರತಂದ ಎಚ್‌ಡಿ 414 ಈ ಬಗೆಗೆ ಬುನಾದಿ ಹಾಕಿತು. ಅದೇ ಸಂಸ್ಥೆಯ 1997ರ ಎಚ್‌ಡಿ 600 ಇಂದಿಗೂ ಹೋಲಿಕೆಯ ಮಾನದಂಡವಾಗಿ ಉಳಿದಿದೆ. ಸವೆದ ಮೆತ್ತೆ, ಕೆಟ್ಟ ವಯರುಗಳನ್ನು ಮಾತ್ರ ಬದಲಾಯಿಸಿ ವರ್ಷಗಟ್ಟಲೆ ಬಳಸಬಹುದಾದುದು ಅದರ ಇನ್ನೊಂದು ಗುಣ.

ಮಿತಿಗಳೂ ಇವೆ. ಜಾಲರಿಯ ಮೂಲಕ ಹೊರಗಿನ ಸದ್ದು ಒಳಗೆ ಬರುತ್ತದೆ, ಒಳಗಿನದು ಹೊರಗೆ ಕೇಳುತ್ತದೆ. ಆದುದರಿಂದ ಬಸ್ಸಿಗಾಗಲಿ, ಮೈಕಿನ ಮುಂದೆ ಹಾಡಿ ಮುದ್ರಿಸಿಕೊಳ್ಳಲಿಕ್ಕಾಗಲಿ ಇದು ಸಲ್ಲದು. ಮನೆಯ ಶಾಂತ ಕೋಣೆಯೇ ಇದರ ಸ್ಥಾನ. ಅತಿ ಕೆಳಗಿನ ಮಂದ್ರ ನಾದವೂ ತುಸು ಕ್ಷೀಣವಾಗಿ ಕೇಳುವುದುಂಟು.

ಕೊಳ್ಳುವ ಮುನ್ನ ಗಮನಿಸಬೇಕಾದ ಇನ್ನೊಂದು ಅಂಶ ವಿದ್ಯುತ್ ರೋಧ. ಎಚ್‌ಡಿ 600ರ ರೋಧ 300 ಓಮ್. ಸಾಮಾನ್ಯ ಮೊಬೈಲು ಅದನ್ನು ಸಾಕಷ್ಟು ನುಡಿಸಲಾರದೆ ಹೋಗಬಹುದು. ಆಗ ಪ್ರತ್ಯೇಕ ಆಂಪ್ಲಿಫಯರಿನ ಖರ್ಚು ಸೇರುತ್ತದೆ. ಓಮ್ ಕಡಿಮೆಯಿದ್ದರಷ್ಟೇ ಸಾಲದು, ಸಂವೇದನಾಶೀಲತೆಯನ್ನೂ ನೋಡಬೇಕು. ಎಕೆಜಿಯ ಕೆ 702 ಕೇವಲ 62 ಓಮಿನದಾದರೂ ಸಣ್ಣ ಉಪಕರಣಗಳಿಗೆ ಭಾರವೇ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಈಕ್ವಲೈಸರನ್ನು ಮುಚ್ಚಿ, ಮಗುವಿಗೆ ಚಿರಪರಿಚಿತವಾದ ಮುದ್ರಣವನ್ನೇ ಕೇಳಿಸಬೇಕು. ತಂಬೂರಿ ಕೊನೆಯವರೆಗೂ ಕೇಳುತ್ತದೆಯೇ, ಚೆಂಡೆಯ ಅಬ್ಬರದ ನಡುವೆಯೂ ಭಾಗವತರ ಪದದ ಅಕ್ಷರಗಳು ಸ್ಪಷ್ಟವಾಗಿವೆಯೇ, ‘ಸ’ಕಾರವು ಕಿವಿಗೆ ಚುಚ್ಚುತ್ತದೆಯೇ ಎಂಬುದೇ ಪರೀಕ್ಷೆ. ಎರಡನ್ನು ಹೋಲಿಸುವಾಗ ಧ್ವನಿಮಟ್ಟ ಒಂದೇ ಆಗಿರಬೇಕು; ತುಸು ಗಟ್ಟಿಯಾಗಿ ನುಡಿಯುವುದೇ ಉತ್ತಮವೆಂಬ ಭ್ರಮೆ ಎಂಥವರಿಗೂ ಆಗುತ್ತದೆ. ಅಗ್ಗದ ಹೆಡ್‌ಫೋನೊಂದು ಈ ಪರೀಕ್ಷೆಯಲ್ಲಿ ಗೆದ್ದರೆ ದುಬಾರಿಯದರ ಅಗತ್ಯವೇ ಇಲ್ಲ.

ಬಿಲ್ಲನ್ನು ಜೋಪಾನವಾಗಿಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದೋಷಯುಕ್ತ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದಲ್ಲಿ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ. ಆದರೆ ನಾದ ಮನಸ್ಸಿಗೊಪ್ಪಲಿಲ್ಲ ಎಂಬುದು ದೋಷವಲ್ಲ. ಆದಕಾರಣ ಕೇಳಿ ನೋಡಿಯೇ ಕೊಳ್ಳುವುದು ಲೇಸು.

ಹೆಡ್‌ಫೋನ್ ಕೆಟ್ಟರೆ ಬದಲಾಯಿಸಬಹುದು, ಕಿವಿಯನ್ನಲ್ಲ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಶಿಸಿದರೆ ಮರಳಿ ಬೆಳೆಯುವುದಿಲ್ಲ. ಮಕ್ಕಳು ವಾರಕ್ಕೆ 40 ಗಂಟೆ ಕೇಳುವುದಾದರೆ ಧ್ವನಿಮಟ್ಟ 75 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಫ್ಯಾನು, ಟಿವಿಗಳ ಸದ್ದಿನ ನಡುವೆ ಕೇಳಲು ಕುಳಿತ ಮಗು ಅರಿವಿಲ್ಲದೆಯೇ ಧ್ವನಿಯನ್ನು ಏರಿಸುತ್ತದೆ. ಮಗುವಿನ ಅಭ್ಯಾಸದ ಅರ್ಧ ಗಂಟೆ ಮನೆಯವರೂ ಮೌನ ಪಾಲಿಸಿದರೆ ಒಳ್ಳೆಯ ಹೆಡ್‌ಫೋನಿಗೆ ತೆತ್ತ ಹಣ ಸಾರ್ಥಕವಾಗುತ್ತದೆ.