ಯಕೃತ್ತಿನ ಎರಡು ಹಗೆಗಳು

ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಜನರು ಸಾಮಾನ್ಯವಾಗಿ ಹಣೆಯ ಬರಹವನ್ನು ನೆನೆಯುತ್ತಾರೆ. ಈ ರೋಗವು ಇಂಥವರಿಗೇ ಏಕೆ ಬಂದಿತೆಂದು ಕೇಳಿದರೆ ಅನೇಕ ವೇಳೆ ವೈದ್ಯರಿಂದಲೂ ಉತ್ತರ ದೊರೆಯುವುದಿಲ್ಲ. ಆದರೆ ಯಕೃತ್ತಿನ ಅರ್ಬುದದ ವಿಷಯದಲ್ಲಿ ವಿಜ್ಞಾನಿಗಳು ಕಾರಣಗಳನ್ನು ಬಹುಮಟ್ಟಿಗೆ ಪತ್ತೆಮಾಡಿದ್ದಾರೆ. ಅವುಗಳಲ್ಲಿ ಮುಖ್ಯವಾದುದನ್ನು ತಡೆಯುವ ಉಪಾಯವೂ ಕೈಗೆ ಬಂದಿದೆ. ಆ ಶೋಧನೆಯು ಹೇಗೆ ನಡೆಯಿತೆಂಬುದನ್ನು ಈಗ ವಿಚಾರಮಾಡೋಣ.

ಯಕೃತ್ತು ನಮ್ಮ ಬಲಪಕ್ಕೆಯ ಎಲುಬುಗಳ ಮರೆಯಲ್ಲಿರುವ ಅಂಗ. ಆಹಾರದ ಸಾರವನ್ನು ಕೂಡಿಡುವುದು, ಪಿತ್ತವನ್ನು ಸ್ರವಿಸುವುದು, ಒಳಹೊಕ್ಕ ವಿಷಗಳನ್ನು ಕಳೆಯುವುದು, ಇವೆಲ್ಲ ಅದರ ಕೆಲಸ. ಅದರ ಜೀವಕಣಗಳು ಸಾಧಾರಣವಾಗಿ ಇಬ್ಭಾಗವಾಗುವುದು ಅಪೂರ್ವ. ಅಂಗಕ್ಕೆ ಪೆಟ್ಟಾದರೆ ಮಾತ್ರ ಬೇಗಬೇಗನೆ ಇಬ್ಭಾಗವಾಗಿ ನಷ್ಟವನ್ನು ತುಂಬಿಕೊಳ್ಳುತ್ತವೆ. ಪ್ರತಿಯೊಂದು ಕಣದಲ್ಲಿಯೂ ಡಿ.ಎನ್.ಎ. ಎಂಬ ದ್ರವ್ಯದ ರೂಪದಲ್ಲಿ, ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದ ಶಾಸನವೊಂದುಂಟು. ಕಣವು ಎರಡಾಗುವ ಮೊದಲು ಇಡೀ ಶಾಸನದ ಪ್ರತಿಯಾಗಬೇಕು. ಓಲೆಗರಿಗಳನ್ನು ನಕಲುಮಾಡುವ ಲಿಪಿಕಾರನು ಎಷ್ಟು ಜಾಣನಾದರೂ ಎಲ್ಲಿಯೋ ಒಂದಕ್ಷರ ತಪ್ಪುವಂತೆ ಇಲ್ಲಿಯೂ ತಪ್ಪುಗಳು ನುಸುಳುತ್ತವೆ. ಬೆಳವಣಿಗೆಯನ್ನು ಹತೋಟಿಯಲ್ಲಿಡುವ ವಾಕ್ಯಗಳಲ್ಲಿಯೇ ಇಂತಹ ತಪ್ಪುಗಳು ಕೂಡಿಬಂದರೆ ಕಣವು ಅಂಕೆ ಮೀರಿ ಬೆಳೆಯತೊಡಗುತ್ತದೆ. ಇದೇ ಅರ್ಬುದ.

ಮೊದಲನೆಯ ಹಗೆ ಒಂದು ವೈರಸ್. ಅಮೆರಿಕದ ಬರೂಕ್ ಬ್ಲೂಮ್‌ಬರ್ಗ್ ಎಂಬ ವಿಜ್ಞಾನಿ ಬೇರೆ ಬೇರೆ ಜನಾಂಗಗಳ ರಕ್ತದಲ್ಲಿರುವ ವಂಶಪಾರಂಪರ್ಯವಾದ ವ್ಯತ್ಯಾಸಗಳನ್ನು ಪರೀಕ್ಷಿಸುತ್ತಿದ್ದಾಗ, ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ಹೊಸದೊಂದು ವಸ್ತುವನ್ನು ಕಂಡು ೧೯೬೫ರಲ್ಲಿ ಪ್ರಕಟಿಸಿದನು. ಅದು ವಂಶಗುಣವಲ್ಲ, ಒಂದು ಬಗೆಯ ಕಾಮಾಲೆಯನ್ನುಂಟುಮಾಡುವ ಹೆಪಟೈಟಿಸ್-ಬಿ ವೈರಸ್ಸಿನ ಹೊರಕವಚವೆಂಬುದು ಆಮೇಲೆ ತಿಳಿಯಿತು. ಈ ಕಾರ್ಯಕ್ಕಾಗಿ ೧೯೭೬ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅಷ್ಟರಲ್ಲಿ ಪಾಮರ್ ಬೀಸ್ಲೆ ಎಂಬ ವೈದ್ಯನು ತೈವಾನಿನಲ್ಲಿ ೨೨,೭೦೭ ಮಂದಿ ಸರ್ಕಾರಿ ನೌಕರರ ರಕ್ತವನ್ನು ಪರೀಕ್ಷಿಸಿ, ಅವರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುತ್ತಿದ್ದನು. ೧೯೮೧ರಲ್ಲಿ ಪ್ರಕಟವಾದ ಲೆಕ್ಕ ಇದು: ಯಕೃತ್ತಿನ ಅರ್ಬುದದಿಂದ ಸತ್ತವರು ೪೧ ಮಂದಿ; ಅವರಲ್ಲಿ ೪೦ ಮಂದಿ ಈ ವೈರಸ್ಸನ್ನು ಹೊತ್ತವರು.

ಎರಡನೆಯ ಹಗೆ ಒಂದು ಬೂಷ್ಟು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣವನ್ನು ಹುಡುಕಲಾಗಿ, ಅವು ತಿಂದಿದ್ದ ಬ್ರೆಜಿಲ್ ದೇಶದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿನ ವಿಷವಿದ್ದುದು ಗೊತ್ತಾಯಿತು. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ತೇವದಲ್ಲಿ ಕೂಡಿಟ್ಟ ಕಡಲೆಕಾಯಿ, ಮುಸುಕಿನ ಜೋಳ ಮೊದಲಾದವುಗಳಲ್ಲಿ ಇದು ಹುಟ್ಟುತ್ತದೆ. ಹುರಿದರೂ ಬೇಯಿಸಿದರೂ ಪೂರ್ತಿಯಾಗಿ ನಾಶವಾಗುವುದಿಲ್ಲ. ವಿಷವನ್ನು ಹೊರಹಾಕುವ ಪ್ರಯತ್ನದಲ್ಲಿ ಯಕೃತ್ತೇ ಅದನ್ನು ಇನ್ನೂ ತೀಕ್ಷ್ಣವಾದ ರೂಪಕ್ಕೆ ಮಾರ್ಪಡಿಸುವುದು ವಿಪರ್ಯಾಸ. ಆ ರೂಪವು ಡಿ.ಎನ್.ಎ.ಗೆ ಅಂಟಿಕೊಂಡು ಅಕ್ಷರಗಳನ್ನು ಕೆಡಿಸುತ್ತದೆ.

ಈ ಬೂಷ್ಟು ತನ್ನ ಗುರುತನ್ನು ಬಿಟ್ಟುಹೋಗುತ್ತದೆಂಬುದು ೧೯೯೧ರಲ್ಲಿ ಹೊರಬಿದ್ದಿತು. ಪಿ-೫೩ ಎಂಬ ಜೀನು ಕಣದ ತಳವಾರನಿದ್ದಂತೆ. ಶಾಸನವು ಕೆಟ್ಟ ಕಣವನ್ನು ಬೆಳೆಯಗೊಡದೆ ತಡೆಯುವುದು ಅದರ ಕೆಲಸ. ಈ ವಿಷವು ಬಹಳವಾಗಿದ್ದ ಚೀನಾದೇಶದ ಚೀಡಾಂಗ್ ಪ್ರಾಂತದ ೧೬ ರೋಗಿಗಳ ಅರ್ಬುದಗಳನ್ನು ಪರೀಕ್ಷಿಸಿದಾಗ, ೮ರಲ್ಲಿ ಈ ಜೀನಿನ ೨೪೯ನೆಯ ಪದದ ಮೂರನೆಯ ಅಕ್ಷರವೇ ಬದಲಾಗಿತ್ತು. ಆಫ್ರಿಕದ ದಕ್ಷಿಣಭಾಗದ ರೋಗಿಗಳಲ್ಲಿಯೂ ಇದೇ ಗುರುತು ಕಂಡಿತು. ಅಫ್ಲಟಾಕ್ಸಿನ್ ವಿರಳವಾದ ದೇಶಗಳಲ್ಲಿ ಈ ಗುರುತೂ ವಿರಳ.

ಇವೆರಡು ಹಗೆಗಳು ಒಟ್ಟುಗೂಡಿದರೆ ಆಗುವ ಅನಾಹುತವನ್ನು ಷಾಂಘೈ ನಗರದ ೧೮,೨೪೪ ಗಂಡಸರನ್ನು ಕುರಿತ ಶೋಧನೆ ತೋರಿಸಿತು. ೧೯೯೪ರ ವರದಿಯಂತೆ, ಅಫ್ಲಟಾಕ್ಸಿನ್ ಒಂದೇ ಇದ್ದವರಿಗೆ ಅಪಾಯವು ಸುಮಾರು ೩ ಪಾಲು, ವೈರಸ್ ಒಂದೇ ಇದ್ದವರಿಗೆ ೭ ಪಾಲು. ಎರಡೂ ಇದ್ದವರಿಗೆ ೧೦ ಪಾಲಲ್ಲ, ಸುಮಾರು ೬೦ ಪಾಲು. ವೈರಸ್ಸಿನ ದೆಸೆಯಿಂದ ಕಣಗಳು ಸತ್ತು, ಉಳಿದವು ಎಡೆಬಿಡದೆ ಇಬ್ಭಾಗವಾಗುತ್ತಿರುವಾಗ ವಿಷವು ಅಕ್ಷರಗಳನ್ನು ಕೆಡಿಸಿದರೆ, ತಿದ್ದಿಕೊಳ್ಳಲು ಬಿಡುವಾದರೂ ಎಲ್ಲಿ?

ಇನ್ನು ಪರಿಹಾರದ ಮಾತು. ಈ ವೈರಸ್ ದೊಡ್ಡವರಿಗೆ ತಗುಲಿದರೆ ನೂರರಲ್ಲಿ ಸುಮಾರು ೯೫ ಮಂದಿಯ ಶರೀರವು ಅದನ್ನು ಹೊರದೂಡುತ್ತದೆ. ಹೆರಿಗೆಯ ಕಾಲದಲ್ಲಿ ತಾಯಿಯಿಂದ ಶಿಶುವಿಗೆ ತಗುಲಿದರೆ ಹತ್ತರಲ್ಲಿ ಒಂಬತ್ತು ಶಿಶುಗಳಲ್ಲಿ ಅದು ನೆಲೆನಿಲ್ಲುತ್ತದೆ. ಆದುದರಿಂದ ಲಸಿಕೆಯ ಮೊದಲ ಚುಚ್ಚುಮದ್ದು ಹುಟ್ಟಿದ ೨೪ ಗಂಟೆಗಳೊಳಗೆ ಆಗತಕ್ಕದ್ದು. ತೈವಾನ್ ೧೯೮೪ರಲ್ಲಿ ಶಿಶುಗಳಿಗೆ ಲಸಿಕೆ ಹಾಕಲು ಆರಂಭಿಸಿತು. ಅಲ್ಲಿ ೬ರಿಂದ ೧೪ ವರ್ಷದ ಮಕ್ಕಳಲ್ಲಿ ಈ ಅರ್ಬುದವು ಮೊದಲು ವರ್ಷಕ್ಕೆ ಲಕ್ಷಕ್ಕೆ ೦.೭೦ರಂತೆ ಇದ್ದುದು, ೧೯೯೦-೯೪ರಲ್ಲಿ ೦.೩೬ಕ್ಕೆ ಇಳಿಯಿತು. ಲಸಿಕೆಯೊಂದು ಕ್ಯಾನ್ಸರನ್ನು ತಡೆಯಬಲ್ಲದೆಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣ. ಭಾರತದಲ್ಲಿ ೨೦೦೨ರಲ್ಲಿ ಕೆಲವು ಕಡೆ ಪ್ರಯೋಗವಾಗಿ ಆರಂಭವಾದ ಈ ಲಸಿಕೆ, ೨೦೧೧ರಲ್ಲಿ ದೇಶಾದ್ಯಂತ ಸರ್ಕಾರಿ ಲಸಿಕೆಗಳ ಸಾಲಿಗೆ ಸೇರಿತು.

ಆದರೂ ಕೆಲಸ ಮುಗಿದಿಲ್ಲ. ಮದ್ಯಪಾನ, ಹೆಪಟೈಟಿಸ್-ಸಿ, ಯಕೃತ್ತಿನಲ್ಲಿ ಕೊಬ್ಬು ಸೇರುವುದು, ಇವುಗಳಿಂದಲೂ ಅರ್ಬುದವಾಗುವುದುಂಟು. ಅದಕ್ಕೆ ಈ ಲಸಿಕೆಯು ರಕ್ಷೆಯಲ್ಲ. ಈಗಾಗಲೇ ವೈರಸ್ಸನ್ನು ಹೊತ್ತವರಿಗೂ ಲಸಿಕೆಯಿಂದ ಫಲವಿಲ್ಲ. ಅವರು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳಬೇಕು, ಬೇಕಾದವರಿಗೆ ವೈರಸ್ಸನ್ನು ಅಡಗಿಸಿಡುವ ಔಷಧಗಳುಂಟು. ಅಂಥವರಿಗೆ ಬೇರೆ ತಟ್ಟೆ ಇಡುವುದು, ಅವರಿಂದ ದೂರ ಸರಿಯುವುದು, ಇವು ತಿಳಿಯದವರ ಮಾತು. ಈ ವೈರಸ್ ರಕ್ತದ ಮೂಲಕ, ದಾಂಪತ್ಯದ ಸಂಪರ್ಕದ ಮೂಲಕ, ಹೆರಿಗೆಯ ಮೂಲಕ ಹರಡುವುದೇ ಹೊರತು ಸಹಪಂಕ್ತಿಯಲ್ಲಿ ಉಂಡದ್ದರಿಂದ ಹರಡುವುದಿಲ್ಲ.

ಬೂಷ್ಟು ಹಿಡಿದ ಕಡಲೆಕಾಯನ್ನು ಎಸೆಯುವುದು, ಹುಟ್ಟಿದ ಮಗುವಿಗೆ ಅದೇ ದಿನ ಲಸಿಕೆ ಹಾಕಿಸುವುದು: ನೋಡಲು ಇವು ತೀರ ಸಣ್ಣ ಕೆಲಸಗಳು. ಆದರೆ ನಲವತ್ತು ವರ್ಷಗಳ ಅನಂತರ ಬರಬಹುದಾದ ಮೃತ್ಯುವಿನ ದಾರಿಯನ್ನು ಇಂದೇ ಕಟ್ಟುವ ಶಕ್ತಿ ಇವಕ್ಕುಂಟು. ಹಣೆಯ ಬರಹವೆಂದು ಕೈಕಟ್ಟಿ ಕೂರುವುದಕ್ಕೆ ಈ ರೋಗದ ವಿಷಯದಲ್ಲಂತೂ ನಮಗೆ ಕಾರಣ ಉಳಿದಿಲ್ಲ.