ಮಳೆ ಬಂದರೆ ನೊರೆ ಯಾಕೆ ಹೆಚ್ಚುತ್ತದೆ?

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ದೇಶದ ಸುದ್ದಿಯಾಯಿತು. ಕೋಡಿಯಿಂದ ಎದ್ದ ನೊರೆ ರಸ್ತೆಗೆ ಹಾರಿ ಸ್ಕೂಟರ್ ಸವಾರರ ಮುಖಕ್ಕೆ ಮೆತ್ತಿಕೊಳ್ಳುತ್ತಿತ್ತು. ಆಗ ಹಲವರನ್ನು ಕಾಡಿದ ಒಗಟೊಂದಿತ್ತು. ಮಳೆ ಸುರಿದರೆ ಕೊಳಕು ತೆಳುವಾಗಬೇಕಲ್ಲ, ನೊರೆ ಹೆಚ್ಚುವುದೇಕೆ?

ಉತ್ತರ ಹುಡುಕಲು ಮೊದಲು ನೀರಿನ ಉಸಿರು, ಅಂದರೆ ಅದರಲ್ಲಿ ಕರಗಿರುವ ಆಮ್ಲಜನಕ, ನೋಡಬೇಕು. ಅದಕ್ಕೆ ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕೊಟ್ಟ ಪರೀಕ್ಷೆ ಮೀಟರುಗಳ ಈ ಕಾಲದಲ್ಲೂ ಲ್ಯಾಬುಗಳಲ್ಲಿ ಉಳಿದಿದೆ. ಗಾಜಿನ ಬಿರಡೆಯ ಸೀಸೆಗೆ ಒಂದು ಗುಳ್ಳೆಯೂ ಉಳಿಯದಂತೆ ಕೆರೆ ನೀರು ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಹಿಂದೆಯೇ ಕ್ಷಾರ ಬೆರೆಸಿದ ಅಯೊಡೈಡ್ ದ್ರಾವಣ ಬಿಡುತ್ತಾರೆ. ಆಮ್ಲಜನಕ ಇದ್ದರೆ ಕಂದು ಗಸಿ ಮೋಡದ ಹಾಗೆ ಇಳಿಯುತ್ತದೆ. ಇಲ್ಲದಿದ್ದರೆ ಗಸಿ ಹಾಲಿನಂತೆ ಬೆಳ್ಳಗೇ ಉಳಿಯುತ್ತದೆ. ಲ್ಯಾಬಿನಲ್ಲಿ ಬಿಳುಪು ಕಂಡು ಮುಖ ಬಾಡುವುದು ಇಲ್ಲಿ ಮಾತ್ರ ಇರಬೇಕು.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಹೀರಿಕೊಳ್ಳುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ, ಅಷ್ಟೇ. ಚರಂಡಿ ನೀರು ಸೇರಿದರೆ ಅದರ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ಈ ಪುಟ್ಟ ಗಂಟನ್ನು ಬೇಗ ಕರಗಿಸುತ್ತವೆ. ಹಗಲು ಆಮ್ಲಜನಕ ಬಿಡುವ ಪಾಚಿಯೂ ರಾತ್ರಿ ಉಸಿರಾಡಿ ಅದನ್ನೇ ಖರ್ಚು ಮಾಡುತ್ತದೆ. ಆದ್ದರಿಂದ ಮಧ್ಯಾಹ್ನದ ಸ್ಯಾಂಪಲ್ಲನ್ನು ನಂಬಬಾರದು. ಕೆರೆಯ ನಿಜವಾದ ಸಂಕಟ ತಿಳಿಯುವುದು ಬೆಳಗಿನ ಜಾವ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದಾಗಲೂ ಮಾತು ಆಮ್ಲಜನಕದ ಕೊರತೆಗೇ ಬಂದು ನಿಂತಿತ್ತು.

ಈಗ ಚರಂಡಿ ನೀರಿನೊಡನೆ ಬರುವ ಸೋಪಿನ ಪುಡಿಗೆ ಬರೋಣ. ಅದರ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಜಿಡ್ಡು. ಬಟ್ಟೆಯ ಕೊಳೆ ಬಿಡಿಸುವುದು ಈ ಎರಡು ಮನಸ್ಸೇ. ಆಮ್ಲಜನಕ ಇರುವ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಇದನ್ನು ಮುರಿದು ಹಾಕುತ್ತವೆ. ಸೀಸೆಯಲ್ಲಿ ಬಿಳಿ ಗಸಿ ಇಳಿಯುವಂಥ ನೀರಿನಲ್ಲಿ ಆ ಕೆಲಸ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಆಗ ಸೋಪಿನ ಅಣು ಹೂಳಿಗೆ ಅಂಟಿಕೊಂಡು ತಳ ಸೇರುತ್ತದೆ. ಹೀಗೆ ಹೂಳಿನಲ್ಲಿ ಅದು ಮೂಲ ಸಾಂದ್ರತೆಗಿಂತ ಎಷ್ಟೋ ಪಟ್ಟು ಹೆಚ್ಚು ಜಮೆಯಾಗುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬೆಳ್ಳಂದೂರಿನಲ್ಲೇ ತೋರಿಸಿದ್ದಾರೆ. ಜೋರು ಮಳೆಗೆ ತಳ ಕಲಕಿ, ವರ್ಷಗಟ್ಟಲೆ ಕೂಡಿಟ್ಟದ್ದು ಮೇಲೆದ್ದು, ಕೋಡಿಯಲ್ಲಿ ಧುಮುಕುವಾಗ ಗಾಳಿ ಸೇರಿ ನೊರೆಯಾಗುತ್ತದೆ. ಒಗಟು ಬಿಡಿಸಿದ್ದು ಕೆಸರು.

ಡಿಟರ್ಜೆಂಟು, ಕೊಳಚೆಗಳ ಜೊತೆ ಕೆರೆ ಸೇರುವ ರಂಜಕದ ಕಥೆಯೂ ಕೆಸರಿಗೇ ಬಂದು ಮುಟ್ಟುತ್ತದೆ. 1973ರಲ್ಲಿ ಕೆನಡಾದ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಒಂಟಾರಿಯೊದ 226ನೇ ನಂಬರಿನ ಸರೋವರದ ನಡುವೆ ಪರದೆ ಎಳೆದರು. ಒಂದು ಪಾಲಿಗೆ ಇಂಗಾಲ, ಸಾರಜನಕ. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕ. ರಂಜಕ ಬಿದ್ದ ಪಾಲು ಹಸಿರು ಪಾಚಿಯ ಮಡುವಾಯಿತು, ಪಕ್ಕದ್ದು ತಿಳಿಯಾಗಿಯೇ ಇತ್ತು. ವಿಮಾನದಿಂದ ತೆಗೆದ ಆ ಫೋಟೊ ಡಿಟರ್ಜೆಂಟಿನ ರಂಜಕದ ಬಗೆಗಿನ ವಾದಕ್ಕೆ ಎಷ್ಟೋ ಪ್ರಬಂಧಗಳಿಗಿಂತ ಹೆಚ್ಚು ಉಪಕಾರ ಮಾಡಿತು. ಕೆರೆ ಸೇರಿದ ರಂಜಕ ತಳಕ್ಕೂ ಇಳಿಯುತ್ತದೆ. ಆಮ್ಲಜನಕ ಇರುವತನಕ ಹೂಳಿನ ಕಬ್ಬಿಣ ಅದನ್ನು ಹಿಡಿದಿಡುತ್ತದೆ. ಆಮ್ಲಜನಕ ಮುಗಿದೊಡನೆ ಕೈಬಿಡುತ್ತದೆ. ರಾಜಕಾಲುವೆಯ ಕೊಳಚೆ ಇವತ್ತೇ ನಿಂತರೂ ಕೆರೆ ತನ್ನ ತಳದ ಉಗ್ರಾಣದಿಂದಲೇ ಪಾಚಿಗೆ ಊಟ ಹಾಕುತ್ತಿರುತ್ತದೆ.

ಅದಕ್ಕೇ ಹೂಳೆತ್ತುವುದು. ಹಿಂದೆ ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಗೆ ತುಂಬಿ ಹೊಲಕ್ಕೆ ಹಾಕುತ್ತಿದ್ದರು, ಅದೇ ಗೊಬ್ಬರ. ನಗರದ ಕೆರೆಯ ಗೋಡಿನಲ್ಲಿ ರಂಜಕವೇನೋ ಧಾರಾಳ. ಜೊತೆಗೆ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಎಷ್ಟಿವೆ ಎಂದು ಲ್ಯಾಬು ಹೇಳುವತನಕ ಅದನ್ನು ರಾಗಿ ಹೊಲಕ್ಕೆ ಹಾಕುವಂತಿಲ್ಲ.