ಗೇರ್‌ಬಾಕ್ಸ್ ಇಳಿಸುವ ಮೊದಲು

ನಂದಿನಿ ಲೇಔಟ್‌ನಿಂದ ಗೊರಗುಂಟೆಪಾಳ್ಯದ ಸಿಗ್ನಲ್‌ವರೆಗೆ ಸಂಜೆ ಹೊತ್ತು ಹಳೆಯ ಕಾರು ಓಡಿಸುವವರ ಎಡಗಾಲಿಗೆ ಬಿಡುವೇ ಸಿಗದು. ಕ್ಲಚ್‌ನಲ್ಲಿ ಅಡಗಿದ್ದ ದೋಷ ಬಯಲಾಗುವುದೂ ಇಂಥ ದಟ್ಟಣೆಯಲ್ಲೇ. ಪೆಡಲ್ ಪೂರ್ತಿ ತುಳಿದರೂ ಫಸ್ಟ್ ಗೇರ್ ಬೀಳುವುದಿಲ್ಲ. ರಿವರ್ಸ್ ಹಾಕಹೋದರೆ ಕರಕರ ಸದ್ದು. ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂಬ ಮಾತು ಆಗ ಬಹಳ ಬೇಗ ಬಂದುಬಿಡುತ್ತದೆ.

ಸವೆದ ಪ್ಲೇಟಿನ ಲಕ್ಷಣವೇ ಬೇರೆ. ಅದು ಜಾರುತ್ತದೆ: ಎಂಜಿನ್ ಅಬ್ಬರಿಸುತ್ತದೆ, ಕಾರು ಏರು ಹತ್ತುವುದಿಲ್ಲ. ಗೇರ್ ಬೀಳದಿದ್ದರೆ ಪ್ಲೇಟ್ ಪೂರ್ತಿ ಬಿಡಿಸಿಕೊಳ್ಳುತ್ತಿಲ್ಲ ಎಂದೇ ಮೊದಲು ಅನುಮಾನಿಸಬೇಕು. 1961ರಿಂದ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ನಲ್ಲಾಗಲಿ, 2014ರವರೆಗೂ ಬಂದ ಅಂಬಾಸಿಡರ್‌ನಲ್ಲಾಗಲಿ ಹಾಗೆ ಬಿಡಿಸಲು ಬೇಕಾದ ಬಲವನ್ನು ಒಯ್ಯುವುದು ಬ್ರೇಕ್ ಆಯಿಲ್. ಪೆಡಲ್ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ; ದ್ರವ ಪೈಪಿನಲ್ಲಿ ಸಾಗಿ ಸ್ಲೇವ್ ಸಿಲಿಂಡರಿನ ರಾಡನ್ನು ತಳ್ಳುತ್ತದೆ. ಬ್ಲೇಸ್ ಪಾಸ್ಕಲ್ ಬರೆದಿಟ್ಟು, ಅವನು ತೀರಿಕೊಂಡ ಮರುವರ್ಷ 1663ರಲ್ಲಿ ಅಚ್ಚಾದ ತತ್ವವೇ ಇಲ್ಲಿಯದು.

ಒಂದು ಲೆಕ್ಕ ನೋಡೋಣ. ಮಾಸ್ಟರ್‌ನ ವ್ಯಾಸ 16 ಮಿ.ಮೀ., ಸ್ಲೇವ್‌ನದು 22 ಮಿ.ಮೀ. ಎಂದಿಟ್ಟುಕೊಳ್ಳಿ. ಮಾಸ್ಟರ್‌ನ ಪಿಸ್ಟನ್ 24 ಮಿ.ಮೀ. ಒಳಸರಿದರೆ ಸ್ಲೇವ್ ರಾಡ್ ಹೊರಬರುವುದು ಸುಮಾರು 12.7 ಮಿ.ಮೀ. ಬಲ ಹೆಚ್ಚಿದಷ್ಟೇ ಚಲನೆ ಕಡಿಮೆ. ಇಷ್ಟು ಸಣ್ಣ ಚಲನೆಯಲ್ಲಿ ಪೋಲು ಮಾಡಲು ಏನೂ ಉಳಿದಿರುವುದಿಲ್ಲ. ಪೈಪಿನಲ್ಲಿ ಒಂದು ಮಿಲಿಲೀಟರ್ ಗಾಳಿ ಸೇರಿತೆಂದರೆ ಒತ್ತಡಕ್ಕೆ ಅದು ಬಹುತೇಕ ಪೂರ್ತಿ ಕುಗ್ಗಿ, ರಾಡಿನ ಪಾಲಿನ 2.6 ಮಿ.ಮೀ. ತಿಂದುಹಾಕುತ್ತದೆ. ಕರಕರ ಸದ್ದಿಗೆ ಅಷ್ಟು ಸಾಕು.

ಆದ್ದರಿಂದ ಮೊದಲು ಬೇಕಾದದ್ದು ಸ್ಟೀಲ್ ಸ್ಕೇಲ್. ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿಟ್ಟು, ಚಕ್ರಗಳಿಗೆ ಕಲ್ಲು ಕೊಡಿ. ಒಬ್ಬರು ಪೆಡಲ್ ತುಳಿಯಲಿ, ಇನ್ನೊಬ್ಬರು ಸ್ಲೇವ್ ರಾಡ್ ಎಷ್ಟು ಸರಿಯಿತೆಂದು ಅಳೆಯಲಿ. ಆ ಕಾರಿನ ಕೈಪಿಡಿ ಹೇಳುವಷ್ಟು ಸರಿದರೆ ದ್ರವದ ಭಾಗ ಸರಿಯಿದೆ. ದೋಷ ಒಳಗಿನ ಫೋರ್ಕು, ಬೇರಿಂಗುಗಳಲ್ಲಿರಬೇಕು, ಇಲ್ಲವೇ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಪ್ಲೇಟ್ ತುಕ್ಕಿಗೆ ಫ್ಲೈವೀಲಿಗೆ ಅಂಟಿರಬೇಕು. ಕಡಿಮೆ ಸರಿದರೆ ಗೇರ್‌ಬಾಕ್ಸ್ ಸದ್ಯಕ್ಕೆ ಅಲ್ಲೇ ಇರಲಿ.

ಎರಡು ಮೂರು ಸಲ ಪಂಪ್ ಮಾಡಿದಾಗ ಪೆಡಲ್ ಗಟ್ಟಿಯಾದರೆ ಏರ್ ಸೇರಿದೆ. ತುಳಿದು ಹಿಡಿದ ಪೆಡಲ್ ತಾನಾಗಿ ಕೆಳಗಿಳಿಯುತ್ತಿದೆಯೆಂದರೆ, ಹೊರಗೆಲ್ಲೂ ಸೋರಿಕೆ ಕಾಣದಿದ್ದಲ್ಲಿ, ಮಾಸ್ಟರ್‌ನ ರಬ್ಬರ್ ದಾಟಿ ಆಯಿಲ್ ಹಿಂದೆ ಸರಿಯುತ್ತಿದೆ. ಸ್ಲೇವ್‌ನ ರಬ್ಬರ್ ಟೊಪ್ಪಿಗೆಯನ್ನು ತುಸು ಎತ್ತಿ ನೋಡಿ. ಒಳಗೆ ಒದ್ದೆಯಿದ್ದರೆ ಸೋರಿಕೆ ಅಲ್ಲಿದೆ. ಪೆಡಲ್ ಗಟ್ಟಿಯಾಗಿದ್ದೂ ರಾಡ್ ಸಾಲದಷ್ಟೇ ಸರಿದರೆ ಪೆಡಲಿನ ಪಿನ್ನನ್ನು ಬೆರಳಲ್ಲಿ ಅಲ್ಲಾಡಿಸಿ. ದುಂಡಗಿದ್ದ ತೂತು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಕೆಲವೇ ರೂಪಾಯಿಯ ಪಿನ್ನು ಅದು, ಆದರೂ ಅದನ್ನು ನೋಡುವವರು ಕಡಿಮೆ.

ಜೆ.ಸಿ. ರಸ್ತೆಯಿಂದ ರಬ್ಬರ್ ಕಿಟ್ ತಂದು ಹಾಕುವಾಗ ಸಿಲಿಂಡರಿನ ಒಳಗೋಡೆಯನ್ನು ಬೆಳಕಿಗೆ ಹಿಡಿದು ನೋಡಲೇಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ನೀರು ಕಬ್ಬಿಣದಲ್ಲಿ ತುಕ್ಕಿನ ಗುಳಿ ತೋಡುತ್ತದೆ. ಗುಳಿಬಿದ್ದ ಸಿಲಿಂಡರಿನಲ್ಲಿ ಹೊಸ ರಬ್ಬರ್ ಬಹುಕಾಲ ಬಾಳದು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಎಂಜಿನ್ ಆಯಿಲ್ ಮಾತ್ರ ಒಂದು ಹನಿಯೂ ಬೀಳದಿರಲಿ, ರಬ್ಬರ್ ಉಬ್ಬಿ ಕೆಡುತ್ತದೆ. ಬಣ್ಣದ ಮೇಲೆ ಬ್ರೇಕ್ ಆಯಿಲ್ ಚೆಲ್ಲಿದರೆ ಕೂಡಲೇ ನೀರು ಸುರಿದು ತೊಳೆಯಿರಿ.